ನಿಂತ ಕಾರು, ಓಡುವ ರಸ್ತೆ: ಪರಾರಿ ಚಿತ್ರದ ರಾತ್ರಿ ದೃಶ್ಯಗಳಿಗೆ ಬೆಳಕಿನ ಹಳಿ

ಹರೆಯದ ಇಬ್ಬರು, ಕದ್ದ ಕಾರು, ಬೆನ್ನ ಹಿಂದೆ ಪೊಲೀಸರು. ಇಂಥ ಚಿತ್ರಕಥೆಯಲ್ಲಿ ಮುಖ್ಯ ಮಾತುಕತೆಯೆಲ್ಲ ಕಾರಿನೊಳಗೆ, ಅದೂ ರಾತ್ರಿ ಹೊತ್ತು ನಡೆಯುತ್ತದೆ. ದೊಡ್ಡ ನಿರ್ಮಾಣಗಳು ಕಾರನ್ನು ತಗ್ಗು ಟ್ರೇಲರ್ ಮೇಲೆ ಏರಿಸಿ, ಮುಂದೊಂದು ಲಾರಿ ಕಟ್ಟಿ ಎಳೆಯುತ್ತವೆ. ಕೈಯಲ್ಲಿ ಕಾಸಿಲ್ಲದವರು ನಟನಿಗೇ ಸ್ಟಿಯರಿಂಗ್ ಕೊಟ್ಟು, ಪಕ್ಕದ ಸೀಟಿನಲ್ಲಿ ಕ್ಯಾಮೆರಾ ಹಿಡಿದು ಕೂರುತ್ತಾರೆ. ಕತ್ತಲೆಯಲ್ಲಿ ಸಂಭಾಷಣೆ ಹೇಳುತ್ತಾ, ಅಳುತ್ತಾ, ಗಾಡಿ ಓಡಿಸುವುದು ಯಾರಿಗೂ ಕ್ಷೇಮವಲ್ಲ. ಮಡಿಲಲ್ಲಿ ಆಟಿಕೆ ಪಿಸ್ತೂಲು ಇದ್ದರಂತೂ ಪಕ್ಕದ ಗಾಡಿಯವರಿಗೆ ಅದು ನಿಜವಾದ ಪಿಸ್ತೂಲೇ.

ಹಾಗಾಗಿ ಹಗಲಿನ ಮೂರ್ನಾಲ್ಕು ಶಾಟ್‌ಗಳನ್ನು ನಿಜವಾದ ರಸ್ತೆಗೆ ಬಿಟ್ಟು, ರಾತ್ರಿಯದ್ದೆಲ್ಲವನ್ನೂ ಶೆಡ್ಡಿನೊಳಗೆ, ನಿಂತ ಕಾರಿನಲ್ಲೇ ಚಿತ್ರಿಸಲು ಕಟ್ಟಿದ ಸಲಕರಣೆಯ ವಿವರ ಇದು: ಕಾರಿನ ಮೇಲೆ ತೂಗುಹಾಕಿದ ಹಳಿ, ಅದರಲ್ಲಿ ಬೀದಿದೀಪದಂತೆ ಮುಂದಿನಿಂದ ಹಿಂದಕ್ಕೆ ಓಡುವ ದೀಪ. ಈ ಕೆಲಸಕ್ಕೆ ಕೈಹಾಕುವವರು ಮೊದಲು ಕಾರನ್ನು ಅಲುಗಾಡಿಸುವುದರ ಬಗ್ಗೆ ಯೋಚಿಸುತ್ತಾರೆ. ಅಲುಗಾಟ ಕೊನೆಯ ಮಾತು. ಮುಖದ ಮೇಲೆ ಬೆಳಕು ಯಾವ ದಿಕ್ಕಿನಿಂದ ಬಂತು, ಎಲ್ಲಿ ಕತ್ತರಿಸಿತು, ಮುಂದಿನದು ಎಷ್ಟು ಹೊತ್ತಿಗೆ ಬಂತು ಎಂಬುದು ಸರಿಯಾದರೆ ಕಾರು ತಾನಾಗಿಯೇ ಓಡುತ್ತದೆ.

ಬೆಳಕು ಕಾರಿನೊಳಗೆ ಹೇಗೆ ಸಾಗುತ್ತದೆ

ಬೀದಿದೀಪ ದೂರದಲ್ಲಿದ್ದಾಗ ಅದರ ಬೆಳಕು ತಗ್ಗು ಕೋನದಲ್ಲಿ ಮುಂಗಾಜಿನ ಮೂಲಕ ನೇರವಾಗಿ ಮುಖಕ್ಕೆ ಬೀಳುತ್ತದೆ. ಕಾರು ಹತ್ತಿರವಾದಂತೆ ಕೋನ ಏರುತ್ತದೆ, ಛಾವಣಿಯ ಅಂಚಿನ ನೆರಳು ಹಣೆಯಿಂದ ಕೆಳಗಿಳಿಯುತ್ತದೆ. ಮುಖ ಕತ್ತಲಾಗಿ ಎದೆ ಬೆಳಗುತ್ತದೆ, ಆಮೇಲೆ ಸ್ಟಿಯರಿಂಗ್ ಹಿಡಿದ ಕೈ, ಆಮೇಲೆ ಮಡಿಲು. ದೀಪ ತಲೆಯ ಮೇಲೆ ಬಂದಾಗ ಪಕ್ಕದ ಕಿಟಕಿಯಿಂದ ಭುಜಕ್ಕೊಂದು ಗೆರೆ, ದಾಟಿದ ಮೇಲೆ ಹಿಂಗಾಜಿನಿಂದ ಕುತ್ತಿಗೆಗೆ ತೆಳುವಾದ ಅಂಚು. ಅಂದರೆ ಮುಖ, ಎದೆ, ಮಡಿಲು, ಭುಜ, ಕುತ್ತಿಗೆ: ಕ್ರಮ ಇದೇ. ದೀಪವನ್ನು ಹಿಂದಿನಿಂದ ಮುಂದಕ್ಕೆ ಒಯ್ದರೆ ಕಾರು ರಿವರ್ಸ್ ಹೋದಂತೆ ಕಾಣುತ್ತದೆ. ಏನೋ ಸರಿಯಿಲ್ಲ ಎಂದು ಪ್ರೇಕ್ಷಕನಿಗೆ ಅನಿಸುತ್ತದೆ, ಏನೆಂದು ಮಾತ್ರ ಗೊತ್ತಾಗುವುದಿಲ್ಲ.

ನೆರಳಿನ ಅಂಚು ಚೂಪಾಗಿರಬೇಕಾದರೆ ಬೆಳಕಿನ ಮೂಲ ಚಿಕ್ಕದಿರಬೇಕು. ಎಲ್‌ಇಡಿ ಪಟ್ಟಿಗಳನ್ನು ಮಾಡಿಗೆ ಸಾಲಾಗಿ ಅಂಟಿಸಿ ಒಂದಾದ ಮೇಲೊಂದು ಹೊತ್ತಿಸುವ ಉಪಾಯ ಸುರಂಗದ ದೃಶ್ಯಕ್ಕೂ ಗಾಜಿನ ಮೇಲಿನ ಪ್ರತಿಫಲನಕ್ಕೂ ಚೆನ್ನ. ತೆರೆದ ರಸ್ತೆಗೆ ಅದು ಹೊಂದುವುದಿಲ್ಲ: ನೆರಳು ಜಾರುವ ಬದಲು ಕರಗುತ್ತದೆ. ನಿಜವಾಗಿ ಚಲಿಸುವ ಒಂಟಿ ದೀಪವೇ ಬೇಕು.

ಲೆಕ್ಕ

ಕಂಬದ ದೀಪ 8 ಮೀಟರ್ ಎತ್ತರ, ಕಂಬಗಳ ಅಂತರ 30 ಮೀಟರ್, ಕೂತವರ ಕಣ್ಣು ನೆಲದಿಂದ 1.2 ಮೀಟರ್ ಎಂದಿಟ್ಟುಕೊಳ್ಳಿ. ಕಣ್ಣಿಗಿಂತ ದೀಪ 6.8 ಮೀಟರ್ ಮೇಲೆ. ಶೆಡ್ಡಿನಲ್ಲಿ ಹಳಿಯನ್ನು 2.4 ಮೀಟರ್ ಎತ್ತರದಲ್ಲಿ ಕಟ್ಟಿದರೆ ಆ ಅಂತರ 1.2 ಮೀಟರಿಗೆ ಇಳಿಯುತ್ತದೆ, ಸುಮಾರು 5.7ರಲ್ಲಿ ಒಂದು ಪಾಲು. ಅದೇ ಪ್ರಮಾಣದಲ್ಲಿ 30 ಮೀಟರಿನ ಕಂಬದಂತರ 5.3 ಮೀಟರ್ ಆಗುತ್ತದೆ. ಆದ್ದರಿಂದ 6 ಮೀಟರ್ ಹಳಿಯೊಂದರಲ್ಲಿ ಒಂದು ಕಂಬದ ಪೂರ್ತಿ ಓಟ ಹಿಡಿಸುತ್ತದೆ.

ಗಂಟೆಗೆ 60 ಕಿ.ಮೀ. ವೇಗದಲ್ಲಿ 30 ಮೀಟರ್ ದಾಟಲು 1.8 ಸೆಕೆಂಡು ಬೇಕು. 40ರಲ್ಲಿ 2.7, 80ರಲ್ಲಿ 1.35.

ಹಳಿಯನ್ನು ಕಾರಿನ ನಡುಮಧ್ಯಕ್ಕೆ ಸರಿಯಾಗಿ ಕಟ್ಟಬೇಕೆಂದು ಕೈ ತಾನಾಗಿ ಹೊರಡುತ್ತದೆ. ಹಾಗೆ ಕಟ್ಟಿದರೆ ಬೆಳಕು ಮಡಿಲಿಗಷ್ಟೇ ಬೀಳುತ್ತದೆ, ಮುಖಕ್ಕೆ ಸರಿಯಾಗಿ ಬರುವುದೇ ಇಲ್ಲ. ಕಾರಣ ಛಾವಣಿ. ಮಾಮೂಲಿ ಸಣ್ಣ ಕಾರಿನಲ್ಲಿ ಬೆಳಕಿನ ಕೋನ 25 ಡಿಗ್ರಿ ಆಸುಪಾಸು ದಾಟುತ್ತಿದ್ದಂತೆ ಛಾವಣಿ ಮುಖವನ್ನು ಮುಚ್ಚುತ್ತದೆ. ನಮ್ಮ ಎತ್ತರದಲ್ಲಿ ಅದರರ್ಥ, ದೀಪ ಮುಖದಿಂದ 2.6 ಮೀಟರ್ ಮುಂದಿರುವಾಗಲೇ ಮುಖ ಕತ್ತಲು. ಹಾಗಾಗಿ ಹಳಿಯ 4.5 ಮೀಟರ್ ಚಾಲಕನ ಮುಖದಿಂದ ಮುಂದಕ್ಕೆ ಚಾಚಬೇಕು, ಹಿಂದಕ್ಕೆ 1.5 ಮೀಟರ್ ಸಾಕು. ಬಂಪರ್ ದಾಟಿ ಇನ್ನೆರಡು ಮೀಟರ್ ಮುಂದೆ ಹಳಿ ನೇತಾಡುವುದು ನೋಡಲು ವಿಚಿತ್ರವೇ, ಆದರೆ ಸರಿ.

ನಿಮ್ಮ ಕಾರಿನ ಕೋನವನ್ನು ಅಳೆಯಲು ದಾರವೊಂದೇ ಸಾಕು. ಬಾಗಿಲ ಗಾಜು ಇಳಿಸಿ, ಕಣ್ಣಿನ ಮಟ್ಟದಿಂದ ಮುಂಗಾಜಿನ ಮೇಲಂಚಿನ ಎತ್ತರಕ್ಕೆ ತಾಗುವಂತೆ ದಾರವನ್ನು ಕಾರಿನ ಹೊರಬದಿಯಲ್ಲಿ ನೇರವಾಗಿ ಎಳೆಯಿರಿ. ಅದು 2.4 ಮೀಟರ್ ಎತ್ತರ ಮುಟ್ಟುವ ಜಾಗದಲ್ಲಿ ನೆಲದ ಮೇಲೊಂದು ಗುರುತು ಹಾಕಿ. ಆ ಗುರುತಿನಿಂದ ಮುಂದಕ್ಕೆ ಕನಿಷ್ಠ 1.7 ಮೀಟರ್ ಹಳಿ ಉಳಿಯಬೇಕು.

ಹಳಿ

ಬೇಕಾದವು: 2 ಇಂಚು × 4 ಇಂಚಿನ ಮರದ ಪಟ್ಟಿ, 3 ಮೀಟರಿನವು ಎರಡು. ಉರುಳೆಗಾಡಿ ಇರುವ ಅಲ್ಯೂಮಿನಿಯಂ ಪರದೆ ಚಾನೆಲ್, 6 ಮೀಟರಿನ ಎರಡು ಸಾಲು. 26 ಇಂಚಿನ ಸೈಕಲ್ ಚಕ್ರ, ಟಯರ್ ಟ್ಯೂಬ್ ಬಿಚ್ಚಿದ್ದು, ಒಂದು. ಅಷ್ಟೇ ಅಗಲಕ್ಕೆ ದೂರವಿಟ್ಟ ಎರಡು ಸಣ್ಣ ರಾಟೆ. 4 ಮಿ.ಮೀ. ಹೆಣೆದ ನೈಲಾನ್ ಹಗ್ಗ 15 ಮೀಟರ್. ಹಗ್ಗ ಬಿಗಿಯಲು ಟರ್ನ್‌ಬಕಲ್ ಒಂದು.

ಪಟ್ಟಿಗಳೆರಡನ್ನೂ 60 ಸೆಂ.ಮೀ. ಪ್ಲೈವುಡ್ ತುಂಡಿನಿಂದ ಜೋಡಿಸಿ, ಮಾಡಿನ ತೊಲೆಗೆ ಮೂರು ಕಡೆ ತೂಗುಹಾಕಬೇಕು. ಎರಡೇ ಕಡೆ ತೂಗಿದರೆ ನಡುವೆ ಜಗ್ಗುತ್ತದೆ, ಉರುಳೆ ಅಲ್ಲಿಗೆ ಬಂದು ತಾನಾಗಿ ವೇಗ ಪಡೆಯುತ್ತದೆ. ಚಾನೆಲ್‌ಗಳನ್ನು 20 ಸೆಂ.ಮೀ. ಅಂತರದಲ್ಲಿ ಸಮಾನಾಂತರವಾಗಿ ಬಿಗಿಯಿರಿ. ಇಡೀ ಹಳಿ ಕಾರಿನ ನಡುಗೆರೆಯಿಂದ 60 ಸೆಂ.ಮೀ. ಪಕ್ಕಕ್ಕೆ, ಕಂಬಗಳಿರುವ ಬದಿಗೆ ಸರಿದಿರಲಿ. ನಡುಗೆರೆಯ ಮೇಲೆಯೇ ಇದ್ದರೆ ಎರಡು ಮುಖಕ್ಕೂ ಒಂದೇ ಬೆಳಕು ಬಿದ್ದು ಚಪ್ಪಟೆಯಾಗುತ್ತದೆ.

ಎರಡು ಚಾನೆಲ್ ಯಾಕೆ? ಒಂದೇ ದೀಪವಾದರೆ ಅದು ಹಿಂದಕ್ಕೆ ಹೋದ ಮೇಲೆ ಆರಿಸಿ ಮುಂದಕ್ಕೆ ತರುವಷ್ಟರಲ್ಲಿ ಮುಂದಿನ ಕಂಬದ ಸರದಿ ತಪ್ಪುತ್ತದೆ. ಹಗ್ಗವನ್ನು ಕುಣಿಕೆಯಾಗಿ ಒಂದು ತುದಿಯಲ್ಲಿ ಸೈಕಲ್ ಚಕ್ರಕ್ಕೂ ಇನ್ನೊಂದು ತುದಿಯಲ್ಲಿ ರಾಟೆಗಳಿಗೂ ಸುತ್ತಿ, ಒಂದು ಎಳೆಗೆ ಮೊದಲ ದೀಪ, ಇನ್ನೊಂದು ಎಳೆಗೆ ಎರಡನೇ ದೀಪ ಕಟ್ಟಿದರೆ, ಮೊದಲನೆಯದು ಹಿಂದಕ್ಕೆ ಹೋಗುವಾಗ ಎರಡನೆಯದು ಆರಿದ ಸ್ಥಿತಿಯಲ್ಲಿ ಮುಂದಕ್ಕೆ ಬಂದಿರುತ್ತದೆ. ಚಕ್ರ ಉಲ್ಟಾ ತಿರುಗಿಸಿದರೆ ಎರಡನೆಯದರ ಸರದಿ. ಹೀಗೆ ಕಂಬಗಳ ಸಾಲಿಗೆ ಕೊನೆಯೇ ಇಲ್ಲ.

26 ಇಂಚಿನ ರಿಮ್ಮಿನ ಸುತ್ತಳತೆ ಸುಮಾರು 1.76 ಮೀಟರ್. ಮೂರು ಸುತ್ತಿಗೆ 5.3 ಮೀಟರ್, ಅಂದರೆ ಮೂರು ಸುತ್ತಿಗೆ ಒಂದು ಕಂಬ. ಫೋನಿನ ಮೆಟ್ರೊನೋಮನ್ನು (ಸಮತಾಳ ಬಡಿಯುವ ಆ್ಯಪ್) ನಿಮಿಷಕ್ಕೆ 100 ಬಡಿತಕ್ಕಿಟ್ಟು ಬಡಿತಕ್ಕೊಂದು ಸುತ್ತು ತಿರುಗಿಸಿದರೆ ಕಾರು 60ರಲ್ಲಿ ಓಡುತ್ತದೆ. 67 ಬಡಿತಕ್ಕೆ 40, 133 ಬಡಿತಕ್ಕೆ 80. ತಿರುಗಿಸುವವರ ಕಿವಿಗೆ ಇಯರ್‌ಫೋನ್ ಹಾಕಿ, ಇಲ್ಲದಿದ್ದರೆ ಟಕ್ ಟಕ್ ಸದ್ದು ಸಂಭಾಷಣೆಯ ಮೈಕಿಗೆ ಸೇರುತ್ತದೆ.

ಹಗ್ಗ ಬರಿಯ ಅಲ್ಯೂಮಿನಿಯಂ ರಿಮ್ಮಿನ ಮೇಲೆ ಜಾರುತ್ತದೆ. ಹಳೇ ಟ್ಯೂಬಿನ ಪಟ್ಟಿಯೊಂದನ್ನು ರಿಮ್ಮಿಗೆ ಸುತ್ತಿ, ಹಗ್ಗವನ್ನು ಟರ್ನ್‌ಬಕಲ್‌ನಿಂದ ಬಿಗಿಯಿರಿ. ಆದರೂ ಹತ್ತಿಪ್ಪತ್ತು ಓಟಕ್ಕೊಮ್ಮೆ ಸ್ವಲ್ಪ ಜಾರಿಯೇ ಜಾರುತ್ತದೆ. ಚಾನೆಲ್ಲಿನ ಎರಡೂ ತುದಿಗೆ ರಬ್ಬರ್ ತಡೆ ಇಟ್ಟರೆ ಪ್ರತಿ ಸಲ ಅಲ್ಲಿಗೆ ತಾಗಿ ಲೆಕ್ಕ ಸರಿಯಾಗುತ್ತದೆ.

ದೀಪಗಳು

12 ವೋಲ್ಟಿನ ಎಂಆರ್16 (ಬೋಗುಣಿಯಂಥ ಪ್ರತಿಫಲಕವಿರುವ ಸಣ್ಣ ಬಲ್ಬು) ಹ್ಯಾಲೊಜೆನ್, 35 ವ್ಯಾಟ್, 60 ಡಿಗ್ರಿ ಹರಹಿನದ್ದು. ಎಲ್‌ಇಡಿ ಹಗುರ, ತಣ್ಣಗೂ ಇರುತ್ತದೆ, ಆದರೆ ಚಕ್ಕನೆ ಹೊತ್ತಿ ಚಕ್ಕನೆ ಆರುತ್ತದೆ. ಹ್ಯಾಲೊಜೆನ್ ತಂತು ಕಾಯಲು, ಆರಲು ತೆಗೆದುಕೊಳ್ಳುವ ಅರೆಗಳಿಗೆ ಇಲ್ಲಿ ವರವೇ. ಅಗ್ಗದ ಡಿಮ್ಮರ್‌ಗಳಿಂದ ಬರುವ ಅಡ್ಡಪಟ್ಟೆಗಳ ಕಾಟವೂ ಇಲ್ಲ.

ದೀಪವನ್ನು ಕಪ್ಪು ಬಳಿದ ತಗಡಿನ ಡಬ್ಬಿಯಲ್ಲಿಟ್ಟು, ಕಾರಿನ ಕಡೆಗೆ 45 ಡಿಗ್ರಿ ಕೆಳಮುಖವಾಗಿ ಬಾಗಿಸಿ. ಡಬ್ಬಿಯ ಹಿಂಭಾಗ ತೆರೆದಿರಲಿ, ಈ ಬಲ್ಬಿನ ಶಾಖ ಹೆಚ್ಚಾಗಿ ಹಿಂದಕ್ಕೇ ಹೋಗುತ್ತದೆ. ಹಳೆಯ ಸೋಡಿಯಂ ಬೀದಿದೀಪದ ಬಣ್ಣ 2000ರಿಂದ 2100 ಕೆಲ್ವಿನ್ (ಸಂಖ್ಯೆ ಇಳಿದಷ್ಟೂ ಬೆಳಕು ಕಿತ್ತಳೆ), ಹ್ಯಾಲೊಜೆನ್ 3000ದ ಆಸುಪಾಸು. ಅರ್ಧ ಕಿತ್ತಳೆ ಜೆಲ್ (ದೀಪದ ಮುಂದಿಡುವ ಬಣ್ಣದ ಪಾರದರ್ಶಕ ಹಾಳೆ) ಹಾಕಿದರೆ ಹತ್ತಿರ ಬರುತ್ತದೆ. ಜೆಲ್ ಬಲ್ಬಿನಿಂದ 10 ಸೆಂ.ಮೀ. ದೂರವಿರಲಿ. ಅಂಟಿಸಿಬಿಟ್ಟರೆ ಮೊದಲು ನಡುವೆ ಬಿಳಿಚಿ, ಆಮೇಲೆ ಕರಗಿ ತೂತಾಗುತ್ತದೆ. ಹೊಸ ಎಲ್‌ಇಡಿ ಬೀದಿದೀಪದ ಊರಿನ ಕಥೆಯಾದರೆ ಕಿತ್ತಳೆಯ ಬದಲು ತೆಳು ನೀಲಿ. ಒಂದೇ ಚಿತ್ರದಲ್ಲಿ ಎರಡೂ ಇದ್ದರೆ ಊರು ಬದಲಾದದ್ದು ಮಾತಿಲ್ಲದೆ ತಿಳಿಯುತ್ತದೆ.

ತಂತಿ 1.5 ಚದರ ಮಿ.ಮೀ. ದಪ್ಪದ್ದಿರಲಿ. 0.75ರ ತಂತಿ 8 ಮೀಟರ್ ಎಳೆದರೆ, ಹೋಗಿ ಬರುವ ದಾರಿಯಲ್ಲಿ ಸುಮಾರು 1 ವೋಲ್ಟ್ ಕುಸಿಯುತ್ತದೆ, ಬೆಳಕು ಮಂದವಾಗಿ ಹಳದಿಗೆ ತಿರುಗುತ್ತದೆ. ಎರಡೂ ದೀಪದ ತಂತಿಯ ಉದ್ದ ಒಂದೇ ಇರಬೇಕು. ಇಲ್ಲದಿದ್ದರೆ ಸಮಸಂಖ್ಯೆಯ ಕಂಬಗಳೆಲ್ಲ ಒಂದು ಬಣ್ಣ, ಬೆಸಸಂಖ್ಯೆಯವು ಇನ್ನೊಂದು. ತಂತಿಯನ್ನು ಪರದೆ ಬಳೆಗಳಿಗೆ ಕುಣಿಕೆ ಕುಣಿಕೆಯಾಗಿ ಕಟ್ಟಿದರೆ ಗಾಡಿಯ ಹಿಂದೆ ಸುರುಳಿ ಬಿಚ್ಚುತ್ತಾ ಹೋಗುತ್ತದೆ.

ಎರಡು ದೀಪದ ನಡುವೆ ಬದಲಿಸಲು ಒಂದು ಟೂ-ವೇ ಸ್ವಿಚ್, 12 ವೋಲ್ಟ್ ಡಿಸಿಯಲ್ಲಿ 5 ಆಂಪಿಯರ್ ತಾಳುವಂಥದ್ದು. ಚಕ್ರ ತಿರುಗಿಸುವವರ ಎಡಗೈಗೆ ಅದು.

ಮುಂತುದಿಯಲ್ಲಿ ದೀಪ ಹೊತ್ತುವ ಕ್ಷಣ ಕಾಣಿಸುವುದು ಈ ಸಲಕರಣೆಯ ದೊಡ್ಡ ತೊಂದರೆ. ನಿಜವಾದ ಕಂಬ ಎಲ್ಲಿಂದಲೋ ಧುತ್ತೆಂದು ಬರುವುದಿಲ್ಲ, ದೂರದಿಂದ ಬೆಳೆಯುತ್ತಾ ಬರುತ್ತದೆ. ಇದಕ್ಕೆ ಮದ್ದು ಕಪ್ಪು ಸೊಳ್ಳೆಪರದೆಯ ಬಟ್ಟೆ. ಹಳಿಯ ಮುಂತುದಿಯಿಂದ 40 ಸೆಂ.ಮೀ. ವರೆಗೆ ಎರಡು ಪದರ, ಅಲ್ಲಿಂದ 30 ಸೆಂ.ಮೀ. ಒಂದೇ ಪದರ ಇಳಿಬಿಡಿ. ದೀಪ ಅದರ ಹಿಂದೆ ಹೊತ್ತಿ, ಮೆಲ್ಲಗೆ ಹೊರಬರುತ್ತದೆ.

ಕ್ಯಾಮೆರಾದ ಬೆಳಕಿನ ಸಂವೇದನೆ ಐಎಸ್‌ಒ 1600, ಲೆನ್ಸಿನ ಕಿಂಡಿ ಎಫ್/2, ಸೆಕೆಂಡಿಗೆ 24 ಫ್ರೇಮು, ಶಟರ್ 1/48 ಎಂದಾದರೆ ಸರಿಯಾದ ಎಕ್ಸ್‌ಪೋಷರಿಗೆ 30 ಲಕ್ಸ್ ಬೆಳಕು ಸಾಕು. ಮುಖ ಅದಕ್ಕಿಂತ ಒಂದು ಸ್ಟಾಪ್ ಕೆಳಗಿದ್ದರೆ, ಅಂದರೆ ಬೆಳಕು ಅದರ ಅರ್ಧದಷ್ಟಿದ್ದರೆ, ಇನ್ನೂ ಒಳ್ಳೆಯದು. ಕಂಬಗಳ ನಡುವಿನ ಕತ್ತಲಲ್ಲಿ ಮುಖ ಪೂರ್ತಿ ಮಾಯವಾಗದಿರಲು ಸ್ಟಿಯರಿಂಗ್ ಹಿಂದೆ 20 ಸೆಂ.ಮೀ. ಎಲ್‌ಇಡಿ ಪಟ್ಟಿ ಅಂಟಿಸಿ, ಮೀಟರ್ ಬೋರ್ಡಿನ ಬೆಳಕು ಎನ್ನುವಷ್ಟು ಮಂಕು ಮಾಡಿ. ಮಂಕು ಮಾಡಲು ಡಿಮ್ಮರ್ ಬೇಡ, ಕಾಗದದ ಪದರ ಹಾಕಿ.

ಎದುರು ಗಾಡಿ, ಹಿಂಬಾಲಿಸುವ ಗಾಡಿ

ಹೆಡ್‌ಲೈಟಿಗೆ ಹಲಗೆಯೊಂದರ ಮೇಲೆ 1.2 ಮೀಟರ್ ಅಂತರದಲ್ಲಿ ಎರಡು ದೀಪ, ನೆಲದಿಂದ 65 ಸೆಂ.ಮೀ. ಎತ್ತರ, ಕೆಳಗೆ ಗಾಲಿ. ಎದುರು ಬರುವ ಗಾಡಿ ಯಾವಾಗಲೂ ಚಾಲಕನ ಬದಿಯಲ್ಲೇ ಹಾದುಹೋಗಬೇಕು. ಸಂಚಾರ ಎಡಕ್ಕಿರಲಿ ಬಲಕ್ಕಿರಲಿ, ಈ ನಿಯಮ ಬದಲಾಗುವುದಿಲ್ಲ. ಹಿಂಬಾಲಿಸುವ ಗಾಡಿ ಇನ್ನೂ ಸುಲಭ: ಹಿಂಗಾಜಿನಿಂದ 3 ಮೀಟರ್ ಹಿಂದೆ ಅದೇ ಹಲಗೆಯನ್ನು ಒಬ್ಬರು ಹಿಡಿದು ಸ್ವಲ್ಪ ತೂಗಿದರೆ ಸಾಕು. ಹಿಂಬದಿ ಕನ್ನಡಿಯ ಬೆಳಕಿನ ಪಟ್ಟಿ ಚಾಲಕನ ಕಣ್ಣಿಗಷ್ಟೇ ಬೀಳುವಂತೆ ಕನ್ನಡಿ ತಿರುಗಿಸಿ. ಓಡಿಹೋಗುವವರ ಕಥೆಯಲ್ಲಿ ಇದಕ್ಕಿಂತ ಅಗ್ಗದ ಭಯ ಇನ್ನೊಂದಿಲ್ಲ.

ಪೊಲೀಸ್ ದೀಪದ ಕೆಂಪು ನೀಲಿ ಮಿನುಗು ಸೆಕೆಂಡಿಗೆ ಎರಡು ಸಲ ದಾಟದಿರಲಿ. ಮೂರಕ್ಕಿಂತ ಹೆಚ್ಚಾದರೆ ಅಪಸ್ಮಾರ ಇರುವ ಪ್ರೇಕ್ಷಕರಿಗೆ ಅಪಾಯ, ಸೆಟ್ಟಿನಲ್ಲಿರುವವರಿಗೂ ತಲೆನೋವು.

ಗುಂಡಿನ ಹೊಳಪಿಗೆ ಸ್ಥಿರಚಿತ್ರ ಕ್ಯಾಮೆರಾದ ಫ್ಲಾಶ್ ಬಳಸಬೇಡಿ. ಅದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಮುಗಿಯುತ್ತದೆ. ಸಾಲು ಸಾಲಾಗಿ ಓದುವ ಸೆನ್ಸರಿನಲ್ಲಿ ಅರ್ಧ ಫ್ರೇಮಿಗಷ್ಟೇ ಬೆಳಕು ಬಿದ್ದು ಅಡ್ಡಕ್ಕೆ ಕತ್ತರಿಸಿದಂತಾಗುತ್ತದೆ. 24 ಫ್ರೇಮಿನಲ್ಲಿ ಒಂದು ಫ್ರೇಮು 42 ಮಿಲಿಸೆಕೆಂಡು, ಆದ್ದರಿಂದ ಎಲ್‌ಇಡಿಯನ್ನು 60ರಿಂದ 80 ಮಿಲಿಸೆಕೆಂಡು ಹೊತ್ತಿಸಿ. ಈ ಒಂದು ಕಡೆ ಎಲ್‌ಇಡಿ ಗೆಲ್ಲುತ್ತದೆ. ಕೈಯಲ್ಲಿರುವುದು ರಬ್ಬರ್ ಪಿಸ್ತೂಲೇ ಇರಲಿ. ಗುಂಡಿಲ್ಲದೆ ಮದ್ದು ಮಾತ್ರ ಇರುವ ಖಾಲಿ ತೋಟಾ ಕೂಡ ಕಾರಿನೊಳಗೆ ಬೇಡವೇ ಬೇಡ.

ಕಾರಿನ ತಯಾರಿ

ಎಂಜಿನ್ ಚಾಲೂ ಮಾಡುವಂತಿಲ್ಲ, ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತದೆ. ಆದರೆ ಕೀಲಿ ತೆಗೆದರೆ ಸ್ಟಿಯರಿಂಗ್ ಲಾಕ್ ಆಗುತ್ತದೆ. ಅದಕ್ಕೆ ಕೀಲಿ ಹಾಗೇ ಇರಲಿ, ಸ್ಟಾರ್ಟರ್ ರಿಲೇಯನ್ನು ಕಿತ್ತು ಲಕೋಟೆಯಲ್ಲಿ ಹಾಕಿ ಹೆಸರು ಬರೆದಿಡಿ. ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಮರದ ಬೆಣೆ ಕೊಡಿ. ಆಮೇಲೆ ನಟ ಗೇರನ್ನು ಹೇಗೆ ಬೇಕಾದರೂ ಆಡಿಸಲಿ.

ಎಂಜಿನ್ ಇಲ್ಲದೆ ಪವರ್ ಸ್ಟಿಯರಿಂಗ್ ಕಲ್ಲಿನಂತೆ ಬಿಗಿ. ಮುಂದಿನ ಪ್ರತಿ ಚಕ್ರದ ಕೆಳಗೆ ಎರಡು ತಗಡು, ನಡುವೆ ಗ್ರೀಸ್ ಸವರಿ ಇಟ್ಟರೆ ಹಗುರವಾಗಿ ತಿರುಗುತ್ತದೆ. ಹಾಗೆಂದು ತಿರುಗಿಸುತ್ತಲೇ ಇರಬಾರದು. ನೇರ ರಸ್ತೆಯಲ್ಲಿ ಕೈ ಎರಡು ಸೆಂ.ಮೀ. ಆಚೀಚೆ ಹೋದರೆ ಹೆಚ್ಚು. ನಟರು ಬಸ್ಸಿನ ಡ್ರೈವರಿನಂತೆ ತಿರುವುವುದೇ ಇಂಥ ದೃಶ್ಯಗಳ ಗುಟ್ಟು ರಟ್ಟು ಮಾಡುವ ಮೊದಲ ಕಳ್ಳ.

ಎರಡನೆಯದು ಮೀಟರ್ ಬೋರ್ಡು. ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲಿರುತ್ತದೆ, ಇಗ್ನಿಷನ್ ಆನ್ ಇದ್ದರೆ ಬ್ಯಾಟರಿ ಮತ್ತು ಆಯಿಲ್ ದೀಪ ಕೆಂಪಗೆ ಉರಿಯುತ್ತಿರುತ್ತವೆ. ಆ ದೀಪಗಳಿಗೆ ಕಪ್ಪು ಟೇಪು, ಮುಳ್ಳು ಕಾಣುವ ಫ್ರೇಮಿಗೆ ಕತ್ತರಿ. ಪೆಟ್ರೋಲ್ ಮುಳ್ಳು ಎಲ್ಲಿದೆಯೆಂದು ದೃಶ್ಯವಾರು ಬರೆದಿಡಿ: ಪೆಟ್ರೋಲ್ ಮುಗಿಯುವ ಸನ್ನಿವೇಶ ಇರುವ ಕಥೆಯಲ್ಲಿ ಹಿಂದಿನ ದೃಶ್ಯದಲ್ಲಿ ಟ್ಯಾಂಕ್ ತುಂಬಿದ್ದರೆ ನಗೆಪಾಟಲು.

ಕಾರಿನ ಹೆಡ್‌ಲೈಟ್ ಹೊತ್ತಿಸಿಡಬೇಡಿ. 55 ವ್ಯಾಟಿನ ಜೋಡಿ 9 ಆಂಪಿಯರ್ ಕುಡಿಯುತ್ತದೆ, 45 ಆಂಪಿಯರ್-ಅವರ್ ಬ್ಯಾಟರಿ ಎರಡೂವರೆ ಗಂಟೆಯಲ್ಲಿ ಅರ್ಧ ಖಾಲಿ.

ಇನ್ನು ಅಲುಗಾಟ. ಟಯರ್ ಗಾಳಿ 20 ಪಿಎಸ್‌ಐಗೆ ಇಳಿಸಿ. 2.4 ಮೀಟರಿನ ಮರದ ಸನ್ನೆಗೋಲನ್ನು ಹಿಂಬದಿಯ ಜಾಕ್ ಪಾಯಿಂಟಿಗೆ ಕೊಟ್ಟು, ತುದಿಯಿಂದ 30 ಸೆಂ.ಮೀ.ಗೆ ಆನಿಕೆ ಇಡಿ. ಕೈ 7 ಸೆಂ.ಮೀ. ಇಳಿದರೆ ಕಾರು 1 ಸೆಂ.ಮೀ. ಏಳುತ್ತದೆ, ಅಷ್ಟು ಸಾಕು. ಆನಿಕೆಗೆ ರಬ್ಬರ್ ಹಾಸದಿದ್ದರೆ ಕಿರ್ರ್ ಸದ್ದು ಪ್ರತಿ ಟೇಕಿನಲ್ಲೂ ಕೇಳುತ್ತದೆ. ಸಮತಾಳದಲ್ಲಿ ಒತ್ತಿದರೆ ಸ್ಪ್ರಿಂಗುಗಳು ಅದೇ ತಾಳ ಹಿಡಿದು ದೋಣಿಯಂತೆ ತೂಗುತ್ತವೆ. ಎರಡು ಚಿಕ್ಕ ಒತ್ತು, ಬಿಡುವು, ಒಂದು ದೊಡ್ಡದು, ಮತ್ತೆ ಬಿಡುವು, ಹೀಗೆ ತಾಳ ತಪ್ಪಿಸುತ್ತಿರಬೇಕು. ಯಾರೂ ಕಾರಿನಡಿ ಕೈಕಾಲು ಹಾಕಬಾರದು.

ಕ್ಯಾಮೆರಾ ನೆಲದ ಟ್ರೈಪಾಡಿನ ಮೇಲಿದ್ದರೆ ಚೌಕಟ್ಟಿನೊಳಗೆ ಕಾರು ಕುಣಿಯುವುದು ಕಂಡು ಮೋಸ ಬಯಲಾಗುತ್ತದೆ. ಕ್ಯಾಮೆರಾ ಕಾರಿಗೇ ಅಂಟಿರಬೇಕು. ಬಾನೆಟ್ ಮೇಲೆ ಫೋಮ್, ಅದರ ಮೇಲೆ 18 ಮಿ.ಮೀ. ಪ್ಲೈವುಡ್, 60 × 40 ಸೆಂ.ಮೀ., ಎರಡು ರ್‍ಯಾಚೆಟ್ ಪಟ್ಟಿ. ಕಾರು ನಿಂತೇ ಇರುವುದರಿಂದ ಗಾಳಿ ಹೀರಿ ಕಾರಿಗೆ ಅಂಟಿಕೊಳ್ಳುವ ಕಪ್‌ಗಳ ಖರ್ಚಿಲ್ಲ.

ಹಿಂದಿನ ಸೀಟಿನಿಂದ ಉದ್ದದ ಶಾಟ್ ಬೇಕಾದರೆ ಹಳೆಯದೊಂದು ಉಪಾಯವಿದೆ. 1950ರ ‘ಗನ್ ಕ್ರೇಜಿ’ಯಲ್ಲಿ ನಿರ್ದೇಶಕ ಜೋಸೆಫ್ ಎಚ್. ಲೂಯಿಸ್ ಬ್ಯಾಂಕ್ ದರೋಡೆಯನ್ನು ಒಂದೇ ಟೇಕಿನಲ್ಲಿ ಕಾರಿನ ಹಿಂಭಾಗದಿಂದಲೇ ತೆಗೆದರು. ಉದ್ದ ಮಾಡಿದ ಕ್ಯಾಡಿಲಾಕ್, ಒಳಗೆ ಗ್ರೀಸ್ ಹಚ್ಚಿದ ಹಲಗೆ, ಅದರ ಮೇಲೆ ಕುದುರೆ ಜೀನು, ಜೀನಿನ ಮೇಲೆ ಕ್ಯಾಮೆರಾಮನ್. ಉದ್ದ ಕಾರು ಬೇಕಿಲ್ಲ. ಹಿಂದಿನ ಸೀಟು ಬಿಚ್ಚಿ, ಡಿಕ್ಕಿಯಿಂದ ಮುಂದಿನ ಸೀಟುಗಳ ನಡುವಿನವರೆಗೆ 30 ಸೆಂ.ಮೀ. ಅಗಲದ ಹಲಗೆ ಹಾಸಿ, ಮೇಣ ಉಜ್ಜಿದ ಎರಡನೇ ಹಲಗೆಯನ್ನು ಅದರ ಮೇಲೆ ಜಾರಿಸಿದರೆ ಅರ್ಧ ಮೀಟರ್ ಓಟ ಸಿಗುತ್ತದೆ.

ಸದ್ದು

ನಿಂತ ಕಾರಿನ ದೊಡ್ಡ ಲಾಭ ಶುದ್ಧ ಸಂಭಾಷಣೆ. ಡಬ್ಬಿಂಗ್ ಬಹುಮಟ್ಟಿಗೆ ತಪ್ಪುತ್ತದೆ. ನಷ್ಟವೂ ಅಲ್ಲೇ ಇದೆ: ನಿಶ್ಶಬ್ದದಲ್ಲಿ ನಟರು ಪಿಸುಗುಟ್ಟುತ್ತಾರೆ, ಆಮೇಲೆ ಎಂಜಿನ್ ಸದ್ದು ಸೇರಿಸಿದಾಗ ಆ ಪಿಸುಮಾತು ನಂಬಲಾಗದಂತಿರುತ್ತದೆ. ಟೇಕಿಗೆ ಮೊದಲು ಅರ್ಧ ನಿಮಿಷ ಕಾರಿನ ಸದ್ದನ್ನು ಸ್ಪೀಕರಿನಲ್ಲಿ ಹಾಕಿ, ಅದರ ಮೇಲೆ ಮೊದಲ ಸಾಲು ಹೇಳಿಸಿ, ಸ್ಪೀಕರ್ ನಿಲ್ಲಿಸಿ ಟೇಕ್ ಶುರು ಮಾಡಿ. ಗಂಟಲು ಆ ಎತ್ತರವನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಕಾರಿನ ಸದ್ದನ್ನು ಹಗಲಲ್ಲಿ ಬೇರೆಯಾಗಿ ಹಿಡಿದಿಡಬೇಕು: ನಿಂತ ಎಂಜಿನ್, 40, 60, 80ರ ಸಮವೇಗ, ಒಂದೊಂದೂ ಎರಡು ನಿಮಿಷ, ಗಾಜು ಏರಿಸಿ ಒಮ್ಮೆ, ಇಳಿಸಿ ಒಮ್ಮೆ. ಬೆಳಕಿನ ಮೆಟ್ರೊನೋಮ್ ಯಾವ ವೇಗದ್ದೋ ಸದ್ದೂ ಅದೇ ವೇಗದ್ದಿರಲಿ.

ಕಂಬಗಳ ಸಾಲು ಒಂದೇ ತಾಳದಲ್ಲಿ ಒಂದು ನಿಮಿಷ ಓಡಿದರೆ ಯಂತ್ರದಂತೆ ಕಾಣುತ್ತದೆ. ಐದಾರು ಕಂಬಕ್ಕೊಮ್ಮೆ ಒಂದನ್ನು ಹೊತ್ತಿಸದೆ ಬಿಡಿ, ಕೆಟ್ಟ ದೀಪ ಎಲ್ಲ ರಸ್ತೆಯಲ್ಲೂ ಇರುತ್ತದೆ. ಊರು ದಾಟುವಾಗ ಮೊದಲು ಒಂದು ಬಿಟ್ಟು ಒಂದು, ಆಮೇಲೆ ಮೂರರಲ್ಲೊಂದು, ಆಮೇಲೆ ಬರೀ ಮೀಟರ್ ಬೋರ್ಡಿನ ಬೆಳಕು. ಯಾವ ಸಾಲಿನ ಮಾತು ಯಾವ ಕತ್ತಲಲ್ಲಿ ಬರಬೇಕೆಂದು ಸ್ಕ್ರಿಪ್ಟಿನ ಅಂಚಿನಲ್ಲೇ ಗುರುತು ಹಾಕಿ ಚಕ್ರದವರ ಕೈಗೆ ಕೊಡಿ. ಅವರಿಗೆ ಸಂಭಾಷಣೆ ಬಾಯಿಪಾಠವಾಗಿರಬೇಕು. ಸುಳ್ಳೊಂದು ಹೇಳುವಾಗ ಮುಖ ಕತ್ತಲಲ್ಲಿದ್ದು, ಕೈ ಮಾತ್ರ ಬೆಳಗುವಂತೆ ಮಾಡುವುದು ಚಕ್ರದ ಸುತ್ತಿನ ಸಮಯ ಹಿಡಿಯುವುದರಲ್ಲಿದೆ.

ಕೆಲಸ ಮುಗಿದ ಮೇಲೆ ಕಾರು ಹೊರತೆಗೆಯುವ ಮುನ್ನ: ತಗಡುಗಳನ್ನು ತೆಗೆದು ಟಯರಿಗೆ ಮೆತ್ತಿದ ಗ್ರೀಸನ್ನು ಸೋಪುನೀರಿನಲ್ಲಿ ತೊಳೆಯಿರಿ, ಗಾಳಿಯನ್ನು ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟಕ್ಕೆ ಏರಿಸಿ, ಎಚ್ಚರಿಕೆ ದೀಪಗಳ ಮೇಲಿನ ಟೇಪು ಕೀಳಿ, ಲಕೋಟೆಯಲ್ಲಿರುವ ರಿಲೇಯನ್ನು ಕೊನೆಗೆ ಹಾಕಿ.